ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿದರೆ ಕ್ರ್ಯಾಂಕ್ ಸೀಲೇ ಹೋಗಿದೆ ಅಂತಲಾ?

ಬೆಳ್ಳಿ_ವ್ಯಾಗನ್
ಗಾಡಿ 2014ರ ವ್ಯಾಗನ್‌ಆರ್, ಕೆ10ಬಿ ಎಂಜಿನ್, 96,000 ಕಿ.ಮೀ. ಓಡಿದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈ ಅಗಲದ ಕಪ್ಪು ಕಲೆ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಅತಿ ಕೆಳಗಿನ ಬಿಂದುವಿನಿಂದ ಹನಿ ಬೀಳುತ್ತಿದೆ. 2,000 ಕಿ.ಮೀ.ಗೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತಿನಿಂದ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಐಡಲ್‌ನಲ್ಲಿ ಎಂಜಿನ್ ಅದುರುತ್ತದೆ. ಫ್ಲೈವೀಲ್ ಕಡೆಯ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ಶಾಫ್ಟ್ ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿ ಆಯಿಲ್ ತಡೆಯುವ ರಬ್ಬರ್ ಉಂಗುರ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂಬ ಮಾತು ಬಂದಿದೆ. ಅದಕ್ಕೆ ಒಪ್ಪುವ ಮೊದಲು ಮನೆಯಲ್ಲೇ ಖಚಿತ ಮಾಡಿಕೊಳ್ಳುವ ದಾರಿ ಇದೆಯಾ? ಸಾಕೆಟ್ ಸೆಟ್ ಇದೆ, ಟಾರ್ಕ್ ರೆಂಚ್ ಇಲ್ಲ.

ಹತ್ತನೇ_ಸಾಕೆಟ್
ಗೇರ್‌ಬಾಕ್ಸ್ ಇಳಿಸೋದು ಕೊನೆಯ ಮಾತು ಸರ್. ಹನಿ ಬೀಳುವ ಜಾಗ ಬೇರೆ, ಆಯಿಲ್ ಹೊರಬರುವ ಜಾಗ ಬೇರೆ. ಮೇಲೆ ಎಲ್ಲೇ ಒಸರಲಿ, ಬ್ಲಾಕ್ ಗೋಡೆ ಹಿಡಿದು ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಡಿ, ಕಡೆಗೆ ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸ್ ಬಾಯಿ) ತುದಿಗೇ ಬಂದು ನಿಲ್ಲುತ್ತದೆ. ನಿಮ್ಮ ಹನಿಗೆ ಆರು ತಾಯಂದಿರು ಇರಬಹುದು: ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಪ್ಯಾಕಿಂಗ್, ಟೈಮಿಂಗ್ ಚೈನ್ ಕವರ್ ಜಾಯಿಂಟ್, ಆಯಿಲ್ ಪ್ರೆಷರ್ ಸ್ವಿಚ್, ಫಿಲ್ಟರ್ ಬುಡ, ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಜಾಯಿಂಟ್, ಆಮೇಲೆ ಕ್ರ್ಯಾಂಕ್ ಸೀಲ್. ಹುಡುಕಾಟ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಒದ್ದೆಯಾಗಿರುವ ಅತಿ ಎತ್ತರದ ಜಾಗ ಎಲ್ಲಿದೆಯೋ ಲೀಕ್ ಅಲ್ಲೇ.

ಐಡಲ್‌ನಲ್ಲಿ ಅದುರುತ್ತೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಕೆ10ಬಿಯಲ್ಲಿ ಪ್ಲಗ್‌ಗಳು ಟ್ಯಾಪೆಟ್ ಕವರ್ ನಡುವಿನ ಬಾವಿಗಳಲ್ಲಿ ಕೂರುತ್ತವೆ, ಪ್ರತಿ ಪ್ಲಗ್ ಮೇಲೂ ಅದಕ್ಕೆ ಕರೆಂಟು ಕೊಡುವ ಒಂದು ಕಾಯಿಲ್. ಬಾವಿಯ ಸುತ್ತಲಿನ ರಬ್ಬರ್ ಸೀಲ್ ಗಟ್ಟಿಯಾದರೆ ಆಯಿಲ್ ಬಾವಿಗೆ ಇಳಿದು, ಕಾಯಿಲ್ ಬೂಟ್ (ಪ್ಲಗ್ ಮೇಲೆ ಕೂರುವ ರಬ್ಬರ್ ತೋಳು) ನೆನೆದು, ಕರೆಂಟು ದಾರಿ ತಪ್ಪುತ್ತದೆ. ಹೊರಗಿನ ಪ್ಯಾಕಿಂಗಿಗೂ ಒಳಗಿನ ಈ ಸೀಲುಗಳಿಗೂ ಒಂದೇ ವಯಸ್ಸು, ಒಂದೇ ಬಿಸಿ. ಮೂರೂ ಕಾಯಿಲ್ ಎತ್ತಿ ಬಾವಿಯೊಳಗೆ ಟಾರ್ಚ್ ಬಿಡಿ.

ಅದಕ್ಕೂ ಮೊದಲು ಬಿದ್ದ ಹನಿ ಏನು ಅಂತ ನೋಡಿ. ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ, ಮುಂದಿನ ಎರಡು ಚಕ್ರಗಳ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿ. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು, ಸುಟ್ಟ ವಾಸನೆ. ಗೇರ್ ಆಯಿಲ್‌ಗೆ ಗಂಧಕದ ಗಾಟು ಇರುತ್ತದೆ, ಒಮ್ಮೆ ಮೂಸಿದರೆ ಮರೆಯೋದಿಲ್ಲ. ಬೆಲ್ ಹೌಸಿಂಗ್‌ನಿಂದ ಗೇರ್ ಆಯಿಲ್ ಬರುತ್ತಿದ್ದರೆ ಅದು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್, ಕ್ರ್ಯಾಂಕ್ ಸೀಲ್ ಅಲ್ಲ. ಕೂಲೆಂಟ್‌ಗೆ ಸಿಹಿ ವಾಸನೆ, ಬಣ್ಣ ಇರುತ್ತದೆ. ಎಸಿ ನೀರಿಗೆ ಎರಡೂ ಇಲ್ಲ.

ಕಡಲತಡಿ
ಒಂದು ಮಾತು ಸೇರಿಸ್ತೇನೆ ಮಾರಾಯ್ರೇ. ನಮ್ಮ ಮಂಗಳೂರು, ಉಡುಪಿ ಕಡೆಯ ಹಳೆ ಗಾಡಿಗಳಲ್ಲಿ ತಗಡಿನ ಚೇಂಬರೇ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗುವುದುಂಟು. ಪ್ಯಾಕಿಂಗ್ ಎಷ್ಟು ಸಲ ಬದಲಿಸಿದರೂ ಹನಿ ನಿಲ್ಲುವುದಿಲ್ಲ. ಚೇಂಬರ್ ಮೇಲಿನ ತುಕ್ಕಿನ ಹಕ್ಕಳೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲ ಕೆರೆದು ನೋಡಿ. ಜೋರಾಗಿ ಚುಚ್ಚಿದರೆ ಇಲ್ಲದ ತೂತು ಆದೀತು, ಆಯಿಲ್ ಇಳಿಸುವ ಪಾತ್ರೆ ಹತ್ತಿರ ಇರಲಿ. ರಸ್ತೆ ಹಂಪ್‌ಗೆ ತಾಗಿ ಸೀಳಿದ್ದರೆ ಎಂ-ಸೀಲ್ ಹಚ್ಚಿ ಗ್ಯಾರೇಜ್ ತನಕ ಓಡಿಸಬಹುದು, ಆದರೆ ಆಯಿಲ್ ಪೂರ್ತಿ ಇಳಿಸಿ, ಮರಳು ಕಾಗದದಲ್ಲಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿದ ಮೇಲೆ. ಜಿಡ್ಡಿನ ಮೇಲೆ ಅದು ಕೂರುವುದಿಲ್ಲ.

ಕೆಳಗೆ ಪ್ಲಾಸ್ಟಿಕ್ ಅಂಡರ್ ಕವರ್ ಇದ್ದರೆ ಅದನ್ನು ಬಿಚ್ಚದೆ ಹನಿಯ ಜಾಗ ನಂಬಲೇಬೇಡಿ. ಆಯಿಲ್ ಅದರ ಮೇಲೆ ನಿಂತು ಇಳಿಜಾರಿದ್ದ ಕಡೆ ಬೀಳುತ್ತದೆ.

ಲೀಕ್ ಹುಡುಕುವ ಮೊದಲು ಎಂಜಿನ್ ತೊಳೆಯಬೇಕಲ್ಲ, ಅದಕ್ಕೆ ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ನೀರು ಹೊಡೆಸಿದರೆ ಸಾಕಲ್ಲ?

ಹತ್ತನೇ_ಸಾಕೆಟ್
ಬೇಡ. ಪ್ರೆಷರ್ ನೀರು ಕಾಯಿಲ್ ಕನೆಕ್ಟರ್, ಆಲ್ಟರ್ನೇಟರ್, ಸೆನ್ಸರ್‌ಗಳ ಒಳಗೆ ನುಗ್ಗುತ್ತದೆ. ಆಮೇಲೆ ಲೀಕಿನ ಜತೆ ಇನ್ನೊಂದು ತೊಂದರೆ. ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರಿಗೂ ಏರ್ ಫಿಲ್ಟರ್ ಬಾಯಿಗೂ ಪ್ಲಾಸ್ಟಿಕ್ ಚೀಲ ಕಟ್ಟಿ. ನೀರಿನಲ್ಲಿ ಕರಗುವ ಡಿಗ್ರೀಸರ್ ಸ್ಪ್ರೇ ಮಾಡಿ, ಹತ್ತು ನಿಮಿಷ ಬಿಟ್ಟು, ಹಳೆ ಬಣ್ಣದ ಬ್ರಷ್‌ನಲ್ಲಿ ಉಜ್ಜಿ, ಮಗ್ಗಿನಲ್ಲಿ ನೀರು ಹಾಕಿ ತೊಳೆಯಿರಿ. ಜಾಯಿಂಟುಗಳ ಸಂದಿಗೆ ಕೊನೆಯಲ್ಲಿ ಬ್ರೇಕ್ ಕ್ಲೀನರ್. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯುವ ಅಭ್ಯಾಸ ಇದೆಯಲ್ಲ, ಅದು ಎರಡು ಕಾರಣಕ್ಕೆ ಕೆಟ್ಟದ್ದು: ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳಬಹುದು, ಇನ್ನು ಅದೇ ಜಿಡ್ಡಾಗಿ ಉಳಿದು ಹೊಸ ಲೀಕಿನ ಹಾಗೆ ಕಾಣುತ್ತದೆ.

ಕೆಳಗೆ ನುಗ್ಗುವ ಮೊದಲು ಆಕ್ಸಲ್ ಸ್ಟ್ಯಾಂಡ್ ಎರಡು ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ಜತೆ ಬಂದ ಜಾಕ್ ಟಯರ್ ಬದಲಿಸಲು ಮಾತ್ರ, ಅದನ್ನು ನಂಬಿ ತಲೆ ಒಳಗೆ ಹಾಕಬೇಡಿ.

ಹುಬ್ಬಳ್ಳಿ_ಪಾನಾ
ತೊಳದ ಮ್ಯಾಲೆ ಏನ್ ಮಾಡ್ಬೇಕು ಅನ್ನೋದು ನಾ ಹೇಳ್ತೀನ್ರಿ. ಪೂರ್ತಿ ಒಣಗಲಿ. ಆಮ್ಯಾಲೆ ಅನುಮಾನ ಇದ್ದ ಜಾಗಕ್ಕೆಲ್ಲ ಟ್ಯಾಲ್ಕಂ ಪೌಡರ್ ತೆಳ್ಳಗ ಉದುರಸ್ರಿ. ಅಗ್ಗದ ಬ್ರಷ್‌ಗೆ ಪೌಡರ್ ಹಚ್ಚಿ ಊದಿದ್ರ ಸಂದ್ಯಾಗೂ ಕೂಡ್ತದ. ಮೊದಲ 15 ನಿಮಿಷ ನಿಂತಲ್ಲೇ ಐಡಲ್, ಇಳಿದು ನೋಡ್ರಿ. ಏನೂ ಕಾಣ್ಲಿಲ್ಲಂದ್ರ 20-30 ಕಿ.ಮೀ. ಓಡಿಸಿ ಮತ್ತ ನೋಡ್ರಿ. ಬಿಳಿ ಪುಡಿ ಮ್ಯಾಲೆ ಕಂದು ಗೆರಿ ಎಲ್ಲಿಂದ ಶುರು ಆಗ್ಯದ, ಅದೇ ಬಾಯಿ. ಆದ್ರ ಬೆಲ್ಟ್ ಮ್ಯಾಲೆ ಪೌಡರ್ ಬೀಳಬಾರದು, ಜಾರ್ತದ.

ಪೌಡರ್‌ನ್ಯಾಗ ಸಿಗದ ಲೀಕಿಗೆ ಯುವಿ ಡೈ. ಆಯಿಲ್ ಬೇಸಿಂದೇ ತಗೋರಿ, ಎಸಿ ಗ್ಯಾಸಿಂದು ಬ್ಯಾರೆ ಇರ್ತದ. 4 ಲೀಟರ್ ಆಯಿಲ್‌ಗೆ ಸುಮಾರು 30 ಮಿ.ಲೀ. ಲೆಕ್ಕ, ನಿಮ್ಮ ಎಂಜಿನ್‌ಗೆ 20ರ ಮ್ಯಾಲೆ ಬ್ಯಾಡ. ಒಂದು ದಿನ ಓಡಿಸಿ, ರಾತ್ರಿ ಕತ್ತಲಾಗ 365 ಅಥವಾ 395 ನ್ಯಾನೋಮೀಟರ್ ಟಾರ್ಚ್ ಬಿಟ್ರ ಹಳದಿ ಹಸಿರಾಗಿ ಹೊಳೀತದ. ಹಳದಿ ಕನ್ನಡಕ ಹಾಕ್ಕೊಂಡ್ರ ಇನ್ನೂ ಸ್ಪಷ್ಟ. ಬಾಟಲಿ ಮುಟ್ಟಿದ ಕೈಲೆ ಎಂಜಿನ್ ಮುಟ್ಟಬ್ಯಾಡ್ರಿ, ನಿಮ್ಮ ಬೆರಳಚ್ಚೆಲ್ಲಾ ಲೀಕಾಗಿ ಹೊಳೀತಾವ.

ಇಷ್ಟೆಲ್ಲಾ ಆಗೂತನಕ ಅನಾಬಾಂಡ್ ಸಿಲಿಕಾನ್ ಟ್ಯೂಬಿಗೆ ಕೈ ಹಚ್ಚಬ್ಯಾಡ್ರಿ. ಹೊರಗಿಂದ ಸವರಿದ ಸಿಲಿಕಾನ್ ಒಂದು ಲೀಕೂ ನಿಲ್ಲಸಂಗಿಲ್ಲ, ಲೀಕ್ ಎಲ್ಲೈತಿ ಅನ್ನೋದನ್ನ ಮುಚ್ತದ ಅಷ್ಟ.

ಬೆಳ್ಳಿ_ವ್ಯಾಗನ್
ತೊಳೆದು ಪೌಡರ್ ಹಾಕಿ ನೋಡಿದೆ. ಐಡಲ್‌ನಲ್ಲಿ ಏನೂ ಇಲ್ಲ. ಓಡಿಸಿ ಬಂದ ಮೇಲೆ ಟ್ಯಾಪೆಟ್ ಕವರ್‌ನ ಗೇರ್‌ಬಾಕ್ಸ್ ಕಡೆಯ ಹಿಂದಿನ ಮೂಲೆಯಿಂದ ಗೆರೆ ಶುರುವಾಗಿ ನೇರ ಬೆಲ್ ಹೌಸಿಂಗ್ ಮೇಲೆ ಇಳಿದಿದೆ. ಆ ಕಡೆಯ ಪ್ಲಗ್ ಬಾವಿಯಲ್ಲಿ ಆಯಿಲ್ ನಿಂತಿದೆ, ಕಾಯಿಲ್ ಬೂಟ್ ತುದಿ ಉಬ್ಬಿದೆ. ಉಳಿದ ಎರಡು ಬಾವಿ ಒಣ. ಪ್ರೆಷರ್ ಸ್ವಿಚ್‌ನ ಕನೆಕ್ಟರ್ ಬಿಚ್ಚಿದರೆ ಒಳಗೆ ಸ್ವಲ್ಪ ಒದ್ದೆ. ಚೇಂಬರ್ ಜಾಯಿಂಟ್ ಒಣ.

ಹತ್ತನೇ_ಸಾಕೆಟ್
ಗೇರ್‌ಬಾಕ್ಸ್ ಉಳಿಯಿತು. ಕಂಪನಿ ಪ್ಯಾಕಿಂಗ್ ಕೊಳ್ಳಿ: ಹೊರ ಸುತ್ತಿನದು ಒಂದು, ಪ್ಲಗ್ ಬಾವಿಯವು ಮೂರು. ಒಂದೇ ಬಾವಿ ಒದ್ದೆ ಅಂತ ಒಂದೇ ಸೀಲ್ ಬದಲಿಸಬೇಡಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ, ಆದರೆ ಎಂಜಿನ್ ಹೆಸರು, ಇಸವಿ ಎರಡೂ ಹೇಳಿ ಕೇಳಿ. ಹಳೇ ವ್ಯಾಗನ್‌ಆರ್‌ನ 1.1 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ನಿನ ಪ್ಯಾಕಿಂಗ್ ಕೈಗೆ ಬರಬಹುದು. ಉಬ್ಬಿದ ಬೂಟೂ ಬದಲಿಸಬೇಕು.

ಕೆಲಸದ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿ ಮೈನಸ್ ತೆಗೆಯಿರಿ. ಏರ್ ಫಿಲ್ಟರ್ ಡಬ್ಬ, ಬ್ರೀದರ್ ಪೈಪ್ ಸರಿಸಿ. ಹತ್ತು ವರ್ಷ ಬಿಸಿ ತಿಂದ ಕಾಯಿಲ್ ಕನೆಕ್ಟರಿನ ಲಾಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮೊದಲು ಕನೆಕ್ಟರನ್ನು ಕಾಯಿಲ್ ಕಡೆ ಸ್ವಲ್ಪ ಒತ್ತಿ, ಆಮೇಲೆ ಲಾಕ್ ಅದುಮಿ ಎಳೆಯಿರಿ. ಕಾಯಿಲ್‌ಗಳಿಗೆ 1, 2, 3 ಅಂತ ಟೇಪ್ ಹಚ್ಚಿ.

ಬಾವಿಯಲ್ಲಿ ಆಯಿಲ್ ಇರುವಾಗ ಪ್ಲಗ್ ಬಿಚ್ಚಬಾರದು, ಬಿಚ್ಚಿದರೆ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ದೊಡ್ಡ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಹೀರಿ ತೆಗೆದು, ಸ್ಕ್ರೂಡ್ರೈವರಿಗೆ ಬನಿಯನ್ ಬಟ್ಟೆ ಸುತ್ತಿ ಒರೆಸಿ. ಬಟ್ಟೆ ಚೂರು ಒಳಗೆ ಉಳಿಯದಿರಲಿ.

ಕವರ್ ಬೋಲ್ಟುಗಳು ಎಂ6, 10 ನಂಬರ್ ಸಾಕೆಟ್. ಹೊರಗಿನವನ್ನು ಮೊದಲು, ನಡುವಿನವನ್ನು ಕೊನೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಅಂಟಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಪಕ್ಕದಿಂದ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಹೆಡ್ ಮೇಲೆ ಗೀರು ಬೀಳುತ್ತದೆ, ಆ ಗೀರೇ ಮುಂದಿನ ಲೀಕು. ಹಳೆ ಪ್ಯಾಕಿಂಗ್ ತುಂಡುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಲ್ಲೇ ಕೆರೆಯಿರಿ. ಡ್ರಿಲ್ಲಿಗೆ ಹಾಕುವ ಉಜ್ಜುವ ಡಿಸ್ಕ್ ಅಂತೂ ಬೇಡವೇ ಬೇಡ, ಅದರ ಪುಡಿ ಆಯಿಲ್‌ನಲ್ಲಿ ಸೇರಿ ಬೇರಿಂಗ್ ತಿನ್ನುತ್ತದೆ.

ಹೆಡ್ ಮತ್ತು ಟೈಮಿಂಗ್ ಚೈನ್ ಕವರ್ ಕೂಡುವ ಎರಡು ಮೂಲೆ ಗಮನಿಸಿ. ಅಲ್ಲಿ ಮೂರು ಭಾಗ ಒಂದೇ ಬಿಂದುವಿನಲ್ಲಿ ಸೇರುವುದರಿಂದ ಕೂದಲೆಳೆಯಷ್ಟು ಮೆಟ್ಟಿಲು ಇರುತ್ತದೆ, ರಬ್ಬರ್ ಒಂದೇ ಅದನ್ನು ತುಂಬುವುದಿಲ್ಲ. ಹಳೆ ಸಿಲಿಕಾನ್ ಕಿತ್ತು, ಎರಡೂ ಕಡೆ ಕಡಲೆಬೇಳೆ ಗಾತ್ರದ ಹೊಸ ಸಿಲಿಕಾನ್ ಇಟ್ಟು, ಒಣಗುವ ಮೊದಲೇ ಕವರ್ ಕೂರಿಸಿ.

ಮಲೆನಾಡಿಗ
ಸುತ್ತಲೂ ತೆಳುವಾಗಿ ಒಂದು ಗೆರೆ ಅನಾಬಾಂಡ್ ಎಳೆದುಬಿಟ್ಟರೆ ಇನ್ನೂ ಭದ್ರ ಅಲ್ಲವಾ? ತುಂಬಾ ಕಡೆ ಹಾಗೇ ಮಾಡ್ತಾರೆ.

ಹುಬ್ಬಳ್ಳಿ_ಪಾನಾ
ಮಾಡ್ತಾರ್ರಿ, ಅದಕ್ಕ ಮತ್ತ ಲೀಕ್ ಆಗ್ತಾವ. ಅಚ್ಚಿನಾಗ ಹಾಕಿದ ರಬ್ಬರ್ ಪ್ಯಾಕಿಂಗ್ ಒಣಾ ಕೂಡಬೇಕು. ಕವರಿನ ತೋಡಿನ್ಯಾಗ ಒತ್ತಿ ಹಿಡಕೊಂಡು ಕುಂದ್ರೂದ ಅದರ ಕೆಲಸ. ಸಿಲಿಕಾನ್ ಹಚ್ಚಿದ್ರ ಬಿಗಿ ಮಾಡೂಮುಂದ ಜಾರಿ ತೋಡು ಬಿಟ್ಟು ಹೊರಗ ಬರ್ತದ. ಒಳಗ ಹಿಂಡಿದ್ದು ಒಣಗಿ ಹುಳದಂಗ ಕಳಚಿ ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಳಿಗಿ ಮುಚ್ತದ. ಆಮ್ಯಾಲೆ ಪ್ರೆಷರ್ ದೀಪ ಹತ್ತತದ, ಗಾಡಿ ಮಾಲಕ ಸ್ವಿಚ್ ಬದಲಸ್ತಾನ, ಎಂಜಿನ್ ಜಾಮ್ ಆಗೂತನಕ ಓಡಸ್ತಾನ. ಒಂದು ಹನಿ ಲೀಕಿನಿಂದ ಎಂಜಿನ್ ಸಾಯಂಗಿಲ್ರಿ, ಹೆಚ್ಚಾದ ಸಿಲಿಕಾನಿಂದ ಸಾಯ್ತದ.

ಸಿಲಿಕಾನ್ ಎಲ್ಲಿ ಬೇಕಂದ್ರ ಪ್ಯಾಕಿಂಗ್ ಇಲ್ಲದ ಲೋಹ-ಲೋಹದ ಜಾಯಿಂಟಿಗೆ. ಚೈನ್ ಕವರ್ರು, ಹಲವು ಗಾಡಿಗಳ ಚೇಂಬರು. ಅಲ್ಲಿ 3 ಮಿ.ಮೀ. ದಪ್ಪದ ಗೆರಿ, ಕಡಿಯದಂಗ, ಬೋಲ್ಟ್ ತೂತಿನ ಒಳಮಗ್ಗಲಿನಿಂದ. ವಿನಿಗರ್ ವಾಸನಿ ಹೊಡಿಯೋ ಮನಿ ಕೆಲಸದ ಸಿಲಿಕಾನ್ ಬ್ಯಾಡ, ಅದರ ಆಮ್ಲ ಲೋಹಕ್ಕ ಕೆಟ್ಟದ್ದು, ಅದರ ಸಿಲಿಕಾನ್ ಆವಿ ಆಕ್ಸಿಜನ್ ಸೆನ್ಸರಿಗೆ ಕೆಟ್ಟದ್ದು. ಆಯಿಲ್ ತಡಕೊಳ್ಳೋ, ಸೆನ್ಸರಿಗೆ ಸುರಕ್ಷಿತ ಅಂತ ಬರದಿರೋ ಆರ್‌ಟಿವಿ ಸಿಲಿಕಾನ್ ತಗೋರಿ.

ಮಲೆನಾಡಿಗ
ಒಪ್ಪಿದೆ. ಆದರೆ ಲೋಹದ ಜಾಯಿಂಟಿಗೂ ಬೆರಳಲ್ಲಿ ಬಿಗಿ ಮಾಡಿ ಒಂದು ಗಂಟೆ ಬಿಟ್ಟು ಆಮೇಲೆ ಪೂರ್ತಿ ಬಿಗಿ ಮಾಡಬೇಕು ಅನ್ನೋದು ಸರಿ ತಾನೇ?

ಹತ್ತನೇ_ಸಾಕೆಟ್
ಇಲ್ಲಿ ಟ್ಯೂಬ್ ಮೇಲೆ ಬರೆದದ್ದೇ ಕಾನೂನು. ಕೆಲವು ಸಿಲಿಕಾನ್‌ಗಳನ್ನು ಸ್ವಲ್ಪ ಗಟ್ಟಿಯಾಗಲು ಬಿಟ್ಟು ರಬ್ಬರಿನ ಪ್ಯಾಕಿಂಗ್ ಥರ ಬಳಸುವುದು, ಅವಕ್ಕೆ ನೀವು ಹೇಳಿದ ಕ್ರಮ. ಚೈನ್ ಕವರಿನಂಥ, ಅಳತೆಗೆ ಸರಿಯಾಗಿ ಕೂರಬೇಕಾದ ಜಾಯಿಂಟಿನಲ್ಲಿ ಹಾಗೆ ಮಾಡಿದರೆ ನಡುವೆ ಒಂದು ಪದರ ನಿಂತುಬಿಡುತ್ತದೆ. ಅಲ್ಲಿ ಹಸಿ ಇರುವಾಗಲೇ ಜೋಡಿಸಿ ಅಳತೆಗೆ ಬಿಗಿ ಮಾಡುವುದು. ಯಾವುದೇ ಆದರೂ ಆಯಿಲ್ ತುಂಬುವ ಮೊದಲು ಟ್ಯೂಬ್ ಹೇಳಿದಷ್ಟು ಹೊತ್ತು ಬಿಡಿ. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಮೇಲ್ಪದರ ಬೇಗ ಗಟ್ಟಿಯಾಗುತ್ತೆ, ಆಗುಂಬೆ ಕಡೆಯವರು ಗೆರೆ ಎಳೆದು ಚಹಾ ಕುಡಿಯೋಕೆ ಹೋಗಬಾರದು.

ಬೆಳ್ಳಿ_ವ್ಯಾಗನ್
ಟಾರ್ಕ್ ರೆಂಚ್ ಇಲ್ಲದೆ ಕವರ್ ಬೋಲ್ಟ್ ಎಷ್ಟು ಬಿಗಿ ಅಂತ ತಿಳಿಯುವುದು ಹೇಗೆ? ಸ್ವಿಚ್ಚಿಗೆ ಏನು ಮಾಡಲಿ?

ಹತ್ತನೇ_ಸಾಕೆಟ್
ಕವರಿಗೆ ಸುಮಾರು 8 ನ್ಯೂಟನ್ ಮೀಟರ್ ಸಾಕು, ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅದರ ಅಂಕಿಯೇ ಅಂತಿಮ. ರೆಂಚ್ ಇಲ್ಲದಿದ್ದರೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ತನ್ನಿ. ಬೋಲ್ಟ್ ನಡುವಿನಿಂದ 10 ಸೆಂ.ಮೀ. ದೂರದಲ್ಲಿ ರಾಚೆಟ್ ಹಿಡಿಗೆ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯಿರಿ. 8 ಕೆ.ಜಿ. ತೋರಿಸಿದರೆ ಅದು ಹೆಚ್ಚುಕಡಿಮೆ 8 ನ್ಯೂಟನ್ ಮೀಟರ್. ಡ್ರೈನ್ ಬೋಲ್ಟಿಗೆ 35 ಬೇಕು: 20 ಸೆಂ.ಮೀ. ದೂರದಲ್ಲಿ 18 ಕೆ.ಜಿ. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ.

ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲಿ ಕೂರಿಸಿ. ನಡುವಿನಿಂದ ಹೊರಕ್ಕೆ, ಎದುರು ಬದುರಾಗಿ, ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಪೂರ್ತಿ. ಜೋರು ಮಾಡಿದರೆ ಲೀಕ್ ನಿಲ್ಲುತ್ತೆ ಅನ್ನೋದು ತಪ್ಪು. ರಬ್ಬರ್ ಚಪ್ಪಟೆಯಾಗಿ ಸ್ಪ್ರಿಂಗ್ ಗುಣ ಕಳೆದುಕೊಳ್ಳುತ್ತೆ, ಅಲ್ಯೂಮಿನಿಯಂ ತ್ರೆಡ್ ಕಿತ್ತು ಬರುತ್ತೆ.

ಸ್ವಿಚ್ಚಿನ ಕನೆಕ್ಟರ್ ಒಳಗೆ ಒದ್ದೆ ಅಂದರೆ ಸ್ವಿಚ್ಚಿನ ಒಳಗಿನ ಪೊರೆಯೇ ಹರಿದಿದೆ, ಹೊರಗೆ ಏನು ಹಚ್ಚಿದರೂ ಪ್ರಯೋಜನವಿಲ್ಲ, ಹೊಸದು ಹಾಕಿ. ಅದರ ತ್ರೆಡ್ ತುದಿಗೆ ಹೋಗ್ತಾ ಸಪೂರ, ಆದ್ದರಿಂದ ಸೀಲ್ ಆಗುವುದು ತ್ರೆಡ್‌ನಲ್ಲೇ. ಮೊದಲ ಎರಡು ಸುತ್ತು ಬಿಟ್ಟು ತ್ರೆಡ್ ಸೀಲೆಂಟ್ ತೆಳುವಾಗಿ ಹಚ್ಚಿ, ಆಳದ ಸಾಕೆಟ್‌ನಲ್ಲಿ 12ರಿಂದ 15 ನ್ಯೂಟನ್ ಮೀಟರ್. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ. ಸ್ವಿಚ್ಚಿಗೆ ಅರ್ತ್ ಸಿಗುವುದು ಅದೇ ತ್ರೆಡ್‌ನಿಂದ. ಅರ್ತ್ ತಪ್ಪಿದರೆ ದೀಪ ಎಂದೂ ಹತ್ತುವುದಿಲ್ಲ, ಪ್ರೆಷರ್ ನಿಜವಾಗಿ ಬಿದ್ದಾಗಲೂ. ಕೆಲಸ ಮುಗಿದ ಮೇಲೆ ಇಗ್ನಿಷನ್ ಆನ್ ಮಾಡಿದಾಗ ದೀಪ ಹತ್ತಿ, ಸ್ಟಾರ್ಟ್ ಆದ ಮೇಲೆ ಆರುತ್ತಾ ನೋಡಿ.

ಡಿಪ್‌ಸ್ಟಿಕ್_ನೋಡಿದ್ರಾ
ಎಲ್ಲರೂ ಸೀಲಿನ ಬಗ್ಗೆಯೇ ಹೇಳುತ್ತಿದ್ದೀರಿ, ಸೀಲ್ ಯಾಕೆ ಸೋತಿತು ಅಂತಲೂ ನೋಡಬೇಕು. ಪಿಸ್ಟನ್ ಪಕ್ಕದಿಂದ ನುಸುಳುವ ಗಾಳಿ ಪಿಸಿವಿ ವಾಲ್ವ್ ಮೂಲಕ ಇನ್‌ಟೇಕ್‌ಗೆ ಹೋಗಬೇಕು. ಅದು ಮಸಿಯಿಂದ ಕಟ್ಟಿದರೆ ಎಂಜಿನ್ ಒಳಗೆ ಒತ್ತಡ ಏರಿ, ಹೊಸ ಪ್ಯಾಕಿಂಗನ್ನೂ ದೂಡಿಕೊಂಡು ಆಯಿಲ್ ಹೊರಬರುತ್ತದೆ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಸ್ವಲ್ಪ ಒಳಕ್ಕೆ ಎಳೆದರೆ ಸರಿ. ಉಬ್ಬಿ ಹಾರಿದರೆ ವಾಲ್ವ್ ಅಥವಾ ಪೈಪ್ ಕಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿವೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿದಾಗ ಒಳಗೆ ಕಟಕಟ ಅನ್ನಬೇಕು. ಅನ್ನದಿದ್ದರೆ ಹೊಸದು ಹಾಕಿ, ಸಣ್ಣ ಖರ್ಚು.

ಆಯಿಲ್ ಮೇಲಿನ ಗುರುತು ದಾಟಿದ್ದರೆ ಅದೂ ಕಾರಣ. ಸಮತಟ್ಟು ಜಾಗ, ಎಂಜಿನ್ ನಿಲ್ಲಿಸಿ ಐದು ನಿಮಿಷ, ಒರೆಸಿ ಮತ್ತೆ ಅದ್ದಿ ನೋಡಿ.

ಇನ್ನೊಂದು ಲೆಕ್ಕ. ರಟ್ಟಿನ ಮೇಲೆ ಬಿದ್ದದ್ದು ಚಮಚದಷ್ಟು, ಡಿಪ್‌ಸ್ಟಿಕ್‌ನಲ್ಲಿ ಇಳಿದದ್ದು ಅರ್ಧ. ಓಡುವಾಗ ಹೆಚ್ಚು ಸುರಿಯುತ್ತದೆ ನಿಜ, ಆದರೂ ಲೀಕ್ ಮುಚ್ಚಿದ ಮೇಲೆ 1,000 ಕಿ.ಮೀ. ಬಿಟ್ಟು ಮಟ್ಟ ನೋಡಿ. ಆಗಲೂ ಇಳಿಯುತ್ತಿದ್ದರೆ ಒಳಗೆ ಸುಡುತ್ತಿದೆ. ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ಮಾಡಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸ್ಟೆಮ್ ಸೀಲ್ ಕಡೆ ಬೊಟ್ಟು.

ಕಡಲತಡಿ
ಬಾಟಲಿಯಲ್ಲಿ ಬರುವ ಸ್ಟಾಪ್ ಲೀಕ್ ಹಾಕಿ ನೋಡುವುದರಲ್ಲಿ ಅರ್ಥ ಉಂಟಾ?

ಹುಬ್ಬಳ್ಳಿ_ಪಾನಾ
ಅದು ಗಟ್ಟಿಯಾದ ರಬ್ಬರ್ ಸೀಲನ್ನ ಸ್ವಲ್ಪ ಉಬ್ಬಿಸಿ ಮೆತ್ತಗ ಮಾಡ್ತದ, ಅಷ್ಟ. ಕ್ರ್ಯಾಂಕ್ ಸೀಲ್ ಜಿನುಗ್ತಿದ್ರ ಕೆಲವು ತಿಂಗಳು ದೂಡಬಹುದು. ಹರಿದ ಪ್ಯಾಕಿಂಗು, ಸಿಲಿಕಾನ್ ಜಾಯಿಂಟು, ಸಡ್ಲಾದ ಬೋಲ್ಟು, ಇವಕ್ಕ ಏನೂ ಆಗಂಗಿಲ್ಲ. ಕ್ರ್ಯಾಂಕ್ ಹಿಂದಿನ ಸೀಲ್ ಖರೇನ ಹೋಗಿದ್ರ ಗೇರ್‌ಬಾಕ್ಸ್ ಇಳಸೂದು ತಪ್ಪಂಗಿಲ್ಲ, ಮನ್ಯಾಗ ಆಗೋ ಕೆಲಸ ಅಲ್ಲ. ಇಳಿಸಿದಾಗ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಇನ್‌ಪುಟ್ ಶಾಫ್ಟ್ ಸೀಲು ಎಲ್ಲಾ ನೋಡಿಸ್ರಿ, ಎರಡನೇ ಸಲ ಇಳಸೂ ಕೂಲಿ ಉಳೀತದ.

ಫಿಲ್ಟರ್ ಬದಲಿಸಿದ ಮ್ಯಾಲೆ ಒಮ್ಮಿಂದೊಮ್ಮೆಲೆ ಜೋರು ಲೀಕ್ ಶುರು ಆದ್ರ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿ ಉಳದಿರ್ತದ, ಹೊಸದು ಅದರ ಮ್ಯಾಲೆ ಕೂತಿರ್ತದ. ತಕ್ಷಣ ಎಂಜಿನ್ ಬಂದ್ ಮಾಡ್ರಿ, ಚೇಂಬರ್ ನಿಮಿಷದಾಗ ಖಾಲಿ ಆಗ್ತದ.

ಬೆಳ್ಳಿ_ವ್ಯಾಗನ್
ಪ್ಯಾಕಿಂಗ್ ಸೆಟ್, ಒಂದು ಕಾಯಿಲ್ ಬೂಟ್, ಸ್ವಿಚ್ ಹಾಕಿದೆ. ಹಾಳೆ ಪರೀಕ್ಷೆಯಲ್ಲಿ ಒಳಕ್ಕೆ ಎಳೆಯಿತು. ಹಳೆ ಪ್ಯಾಕಿಂಗ್ ಬಗ್ಗಿಸಿದರೆ ಚಟ್ಟನೆ ಮುರಿಯಿತು. ಐಡಲ್‌ನಲ್ಲಿ ಅದುರುವುದು ನಿಂತಿದೆ. ಆದರೆ ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆ ಬಾನೆಟ್ ಒಳಗಿನಿಂದ ಹೊಗೆ, ಸುಟ್ಟ ವಾಸನೆ ಬರುತ್ತಿದೆ. ಮತ್ತೆ ಬಿಚ್ಚಬೇಕಾ?

ಹತ್ತನೇ_ಸಾಕೆಟ್
ಬಿಚ್ಚುವ ಮೊದಲು ಟಾರ್ಚ್ ಹಿಡಿದು ಕವರ್ ಸುತ್ತ ನೋಡಿ. ಜಾಯಿಂಟ್ ಒಣಗಿದ್ದರೆ ಅದು ಕವರ್ ಎತ್ತುವಾಗ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ, ಅದರ ಶೀಲ್ಡ್ ಒಳಗೆ ಬಿದ್ದ ಹಳೆ ಆಯಿಲ್ ಸುಡುತ್ತಿರುವುದು. ಒಂದೆರಡು ಬಾರಿ ಓಡಿಸಿದರೆ ಹೋಗುತ್ತದೆ. ಅಲ್ಲಿಯವರೆಗೆ ಬಾನೆಟ್ ತೆಗೆದು ಐಡಲ್‌ನಲ್ಲಿ ಬಿಡಿ, ನೀರು ಸುರಿಯಬೇಡಿ. ಹೊಗೆ ಕಡಿಮೆಯಾಗದೆ ಹೆಚ್ಚಾದರೆ, ಅಥವಾ ಹೊಸ ಹನಿ ಕಂಡರೆ, ತಕ್ಷಣ ಆಫ್ ಮಾಡಿ ತಣ್ಣಗಾದ ಮೇಲೆ ಆ ಮೂಲೆಯ ಪ್ಯಾಕಿಂಗ್ ತನ್ನ ತೋಡಿನಲ್ಲೇ ಕೂತಿದೆಯಾ ನೋಡಿ. 50 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಟ್ಟೆಯಲ್ಲಿ ಒರೆಸಿ ನೋಡಿ, ಆದರೆ ಬೋಲ್ಟ್ ಮತ್ತೆ ಬಿಗಿ ಮಾಡಬೇಡಿ. ಬೆಲ್ ಹೌಸಿಂಗ್ ಸಂದಿಯಲ್ಲಿ ಸಿಕ್ಕಿಕೊಂಡ ಹಳೆ ಆಯಿಲ್ ಇನ್ನೂ ಕೆಲವು ದಿನ ಒಂದೊಂದು ಹನಿ ಇಳಿಸಬಹುದು. ರಟ್ಟು ಹಾಸಿಯೇ ಇರಿ, ಪ್ರತಿ ರಾತ್ರಿ ಹೊಸ ರಟ್ಟು, ಮೇಲೆ ತಾರೀಖು ಬರೆದು. ಕಲೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋಗಬೇಕು.